ತೊಟ್ಟಿಲಿಗೆ ಲೇಪ, ಅಜ್ಜಿಯ ಕೈಗೆ?

ಮನೆಗೆ ಹಸುಗೂಸು ಬಂತೆಂದರೆ ಸರ್ಬಿಯಾದ ನಮ್ಮ ಹಳ್ಳಿಯಲ್ಲಿ ಎಲ್ಲರೂ ಡಾಕ್ಟರೇ. ಕಿಟಕಿ ತೆರೆದರೆ ಸಾಕು, ಮಗುವಿಗೆ ತಣ್ಣನೆ ಗಾಳಿ ತಾಗೀತು ಎಂದು ಬಾಯಿ ಬಡಿದುಕೊಳ್ಳುತ್ತಾರೆ. ಪಕ್ಕದ ಮನೆಯ ದೆಸಾಂಕಾ ಅಜ್ಜಿಯದು ಬೇರೆಯೇ ರಗಳೆ. ಮೊಮ್ಮಗಳು ದುನ್ಯಾ ತಿಂಗಳು ತುಂಬುವ ಮೊದಲೇ ಹುಟ್ಟಿ, ಬಹಳ ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದಳು. ಅಜ್ಜಿ ಅವಳನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ.

ಅಜ್ಜಿಯ ಮಗ ಪಟ್ಟಣದಿಂದ ಹೊಸ ತೊಟ್ಟಿಲು ತಂದಿದ್ದ. ಅದರ ಕಟಕಟೆಗೆ ರೋಗಾಣು ಕೊಲ್ಲುವ ಪಾಲಿಮರ್ ಲೇಪ, ಮಿರಮಿರ ಮಿನುಗುವ ತೆಳು ಪದರ. ಅಜ್ಜಿ ಕೋಳಿಗೂಡಿನಿಂದ ಬಂದವಳೇ ತೊಟ್ಟಿಲು ತೂಗುವಳು, ಮಗುವನ್ನು ಮಾತ್ರ ಮುಟ್ಟಳು. ಸಾಲದೆಂದು ದಿನವೂ ಪ್ಲಮ್ ಹಣ್ಣಿನ ಸಾರಾಯಿ, ನಮ್ಮ ರಕಿಯಾ, ಸುರಿದು ಕಟಕಟೆ ತಿಕ್ಕುವಳು. ನೆಗಡಿಯಿಂದ ಮಂಡಿ ನೋವಿನವರೆಗೆ ನಮ್ಮಲ್ಲಿ ಎಲ್ಲಕ್ಕೂ ಅದೇ ತಾನೆ!

ಬಾಣಂತಿಯರ ಮನೆಗಳಿಗೆ ಬರುವ ನರ್ಸ್ ರಾದೊಯ್ಕಾ ಒಂದು ಬೆಳಿಗ್ಗೆ ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು. ನಾನೂ ಅಲ್ಲೇ ಇದ್ದೆ.

"ಏನಜ್ಜಿ, ತೊಟ್ಟಿಲಿಗೆ ಕುಡಿಸ್ತಿದೀರಾ?"

"ಹೂಂ ಕಣಮ್ಮ. ಲೇಪಕ್ಕೆ ಒಂಚೂರು ಶಕ್ತಿ ಬರ್ಲಿ ಅಂತ."

"ಹೀಗೆ ತಿಕ್ಕಿದ್ರೆ ಲೇಪಾನೇ ಕಿತ್ಕೊಂಡು ಹೋಗುತ್ತೆ. ನೋಡಿ, ಇಲ್ಲಿ ಮಿನುಗೇ ಇಲ್ಲ. ಮೆತ್ತನೆ ಬಟ್ಟೆ, ಸೋಪಿನ ನೀರು, ಅಷ್ಟೇ ಅಂತ ತೊಟ್ಟಿಲಿನ ಮೇಲೇ ಬರೆದಿದಾರಲ್ಲ."

ಸೊಸೆ ತಿಯಾನಾ ನಡುವೆ ಬಾಯಿ ಹಾಕಿದಳು. "ರೋಗಾಣೂನ ಲೇಪಾನೇ ಸಾಯಿಸುತ್ತಲ್ಲ ಸಿಸ್ಟರ್, ತೊಳೆಯೋದ್ಯಾಕೆ?"

"ಲೇಪಕ್ಕೆ ತಾಗಿದ್ದನ್ನ ಸಾಯಿಸುತ್ತಮ್ಮ, ಅದೂ ನಿಧಾನಕ್ಕೆ, ಎಲ್ಲಾನೂ ಅಲ್ಲ. ಮೇಲೆ ಕೊಳೆ ಕೂತ್ರೆ ಅಡಿಯಲ್ಲಿರೋ ಲೇಪ ಏನ್ಮಾಡುತ್ತೆ? ಕೋಳಿಗೂಡಿನ ಕೈ ಇಲ್ಲಿಟ್ರೆ, ಇಲ್ಲಿಂದ ನಿನ್ನ ಕೈಗೆ, ನಿನ್ನ ಕೈಯಿಂದ ಮಗುಗೆ."

ಅಜ್ಜಿಯ ಮುಖ ಬಾಡಿತು. ಕೈಗಳನ್ನು ಲಂಗದ ಮಡಿಕೆಯಲ್ಲಿ ಅಡಗಿಸಿಕೊಂಡಳು.

"ಅದಕ್ಕೇ ನಾನು ಮಗೂನ ಮುಟ್ಟಲ್ಲ. ತೊಟ್ಟಿಲಿಗೆ ಲೇಪ ಇದೆ, ನನ್ನ ಕೈಗೇನಿದೆ? ಮಣ್ಣು, ಗೊಬ್ಬರ. ಆಸ್ಪತ್ರೇಲಿ ಗಾಜಿನ ಪೆಟ್ಟಿಗೇಲಿಟ್ಟು ಉಳಿಸ್ಕೊಂಡು ಬಂದ ಕೂಸನ್ನ ನಾನು ಮುಟ್ಟಿ ಕಳ್ಕೊಳ್ಳಲಾ?"

ತಿಯಾನಾ ಕಣ್ಣೊರೆಸಿಕೊಂಡಳು. ಅತ್ತೆಗೆ ಮಗು ಕಂಡರಾಗದು ಎಂದೇ ಅವಳು ಇಷ್ಟು ದಿನ ನೊಂದುಕೊಂಡಿದ್ದಳು.

ರಾದೊಯ್ಕಾ ಅಜ್ಜಿಯನ್ನು ನಲ್ಲಿಯ ಬಳಿಗೆ ಕರೆದೊಯ್ದಳು. "ಈ ಕೈಗೆ ಲೇಪ ಬೇಡಜ್ಜಿ, ಸೋಪು ಸಾಕು. ಬೆರಳ ಸಂದಿ, ಉಗುರಿನಡಿ... ಹಾಂ, ಹಾಗೆ."

"ಆಮೇಲೆ ರಕಿಯಾ?"

"ಅದನ್ನ ನೆಂಟರಿಗಿಡಿ!"

ಕೈ ಒರೆಸಿಕೊಂಡ ಮೇಲೂ ಅಜ್ಜಿ ನಿಂತೇ ಇದ್ದಳು. ತಿಯಾನಾಳೇ ಮಗುವನ್ನು ಎತ್ತಿ ತಂದು, "ತಗೊಳ್ಳಿ ಅತ್ತೆ" ಎಂದು ಅವಳ ತೋಳಿಗಿಟ್ಟಳು. ಮಗು ಆ ಒರಟು ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಅಜ್ಜಿ ಅಳುತ್ತಲೇ ನಕ್ಕಳು. ಮರುಗಳಿಗೆಯೇ, "ಕಿಟಕಿ ಮುಚ್ಚೇ, ಗಾಳಿ ಬರ್ತಿದೆ!" ಎಂದು ನನ್ನನ್ನು ಗದರಿದಳು.

ಅಮ್ಮಂದಿರೇ, ಅಜ್ಜಿಯರೇ, ರೋಗಾಣು ತಡೆಯುವ ಲೇಪದ ತೊಟ್ಟಿಲು, ತಟ್ಟೆ, ಆಟಿಕೆ ಏನೇ ಕೊಂಡರೂ ಅದರ ಮೇಲೆ ಬರೆದದ್ದನ್ನು ಓದಿ, ಹಾಗೆಯೇ ಶುಚಿ ಮಾಡಿ. ಲೇಪವಿದೆಯಲ್ಲ ಎಂದು ಕೈ ತೊಳೆಯುವುದನ್ನು ಬಿಡಬೇಡಿ. ತೊಳೆದ ಮೇಲೆ ಹೆದರಬೇಡಿ, ಮಗುವನ್ನು ಎತ್ತಿಕೊಳ್ಳಿ. ಎಂಥ ಲೇಪದ ತೊಟ್ಟಿಲೇ ಆಗಲಿ, ಅದಕ್ಕೆ ಅಪ್ಪಿಕೊಳ್ಳಲು ಬರುವುದಿಲ್ಲ.