ಅಕ್ಕುವಿನ ಕೈ

"ಇದು ಯಾರ ಕೈ?" ದುಗ್ಗಪ್ಪ ಮೂರನೆಯ ಸಲ ಕೇಳಿದ.

ಜಗಲಿಯ ಕುರ್ಚಿಯ ಮೇಲೆ ಫ್ರೇಮು ಹಾಕಿದ ದೊಡ್ಡ ಫೋಟೋ ಇತ್ತು. ಮಗ ಸೂರಜ್ ಆಗಷ್ಟೇ ಸುಳ್ಯದ ಸ್ಟುಡಿಯೋದಿಂದ ತಂದು, ಕಾಗದ ಬಿಚ್ಚಿ, ಗಾಜು ಒರೆಸಿ ನಿಲ್ಲಿಸಿದ್ದ. ಮಾರನೆಯ ದಿನ ತೀರಿಕೊಂಡ ಹೆಂಡತಿ ಅಕ್ಕುವಿನ ಬೊಜ್ಜ, ಅಂದರೆ ಉತ್ತರಕ್ರಿಯೆ. ಆಲೆಟ್ಟಿ ಊರಿನವರೆಲ್ಲ ಬಂದು ಆ ಫೋಟೋಕ್ಕೆ ಹೂ ಹಾಕಿ, ನುಡಿನಮನ ಕೇಳಿ, ಊಟ ಮಾಡಿ ಹೋಗುವವರು. ಫೋಟೋದಲ್ಲಿ ಮುಖವೇನೋ ಅಕ್ಕುವಿನದೇ. ಕುತ್ತಿಗೆಯಿಂದ ಕೆಳಗೆ ನೇರಳೆ ಬಣ್ಣದ ಜರಿ ಸೀರೆ ಉಟ್ಟು, ಎರಡೆಳೆ ಸರ ಹಾಕಿಕೊಂಡ ಯಾವಳೋ ಹೆಂಗಸು ಕೂತಿದ್ದಳು. ಅವಳ ಮಡಿಲಲ್ಲಿ ಒಂದರ ಮೇಲೊಂದು ಇಟ್ಟ ಎರಡು ಬಿಳಿ ಕೈಗಳು. ನುಣುಪಾದ ಉಗುರು, ಬೆರಳಿಗೆ ಕಲ್ಲಿನ ಉಂಗುರ.

"ಅಪ್ಪಾ, ಅದು ಸ್ಟುಡಿಯೋದವರು ಸೆಟ್ ಮಾಡುದು. ಎಲ್ಲರಿಗೂ ಹಾಗೇ ಮಾಡುದು."

"ಎಲ್ಲರ ಕಥೆ ನನಗೆ ಬೇಡ. ನಾನು ಕೇಳಿದ್ದು ಇದು ಯಾರ ಕೈ ಅಂತ."

"ಅಮ್ಮಂದು ಒಂದು ಸಮದ ಫೋಟೋ ಉಂಟಾ ಈ ಮನೆಯಲ್ಲಿ? ನನ್ನ ಮದುವೆ ಗ್ರೂಪ್ ಫೋಟೋದಿಂದ ಮುಖ ತೆಗ್ದದ್ದು. ಅದರಲ್ಲಿ ಅಮ್ಮ ಹಿಂದೆ ನಿಂತದ್ದು, ಮುಖ ಮಾತ್ರ ಕಾಣುದು. ಒಳ್ಳೆ ಸೀರೆಯಲ್ಲಿ ಕಾಣ್ಲಿ ಅಂತ ನಾನೇ ಹೇಳಿದ್ದು. ತಪ್ಪಾ? ನಾಳೆ ಪುತ್ತೂರಿನಿಂದ ಮಾವನ ಕಡೆಯವರು ಬರ್ತಾರೆ."

ಮಾವನ ಕಡೆಯವರು ಎಂದದ್ದೇ ದುಗ್ಗಪ್ಪನ ಕಿವಿ ಕೆಂಪಾಯಿತು. ಸೂರಜ್‌ಗೆ ಪುತ್ತೂರಿನಲ್ಲಿ ಟೈಲ್ಸಿನ ಅಂಗಡಿ. ಹೆಣ್ಣಿನ ಕಡೆಯವರು ಮೊದಲ ಸಲ ಮನೆ ನೋಡಲು ಬಂದ ದಿನ ಈ ಮಹಾಶಯ ಅಮ್ಮ ಬೀಡಿ ಕಟ್ಟುವ ಗೆರಸೆಯನ್ನು, ಎಲೆ ತುಂಬಿದ ಆ ಮೊರವನ್ನು, ಎತ್ತಿಕೊಂಡು ಹೋಗಿ ಬಚ್ಚಲಿನಲ್ಲಿ ಅಡಗಿಸಿದ್ದ. ಎಲೆ, ಹೊಗೆಸೊಪ್ಪಿನ ಪುಡಿ ಎಲ್ಲ ಒದ್ದೆಯಾಗಿ ಎರಡು ದಿನದ ಕೆಲಸ ಹಾಳಾಯಿತು. ಅಕ್ಕು ಒಂದಕ್ಷರ ಆಡಲಿಲ್ಲ. ದುಗ್ಗಪ್ಪನಾದರೂ ಆಡಬೇಕಿತ್ತು, ನೆಂಟರ ಎದುರು ಬೇಡವೆಂದು ಬಾಯಿ ಮುಚ್ಚಿಕೊಂಡ. ಆ ಸಿಟ್ಟು ಆರು ವರ್ಷದಿಂದ ಹೊಟ್ಟೆಯಲ್ಲೇ ಇತ್ತು.

"ನಲ್ವತ್ತು ವರ್ಷ ಬೀಡಿ ಕಟ್ಟಿದ ಕೈ ಅದು. ಅದನ್ನು ಕಡಿದು ಬಿಸಾಡಿ ಯಾರದ್ದೋ ಕೈ ಅಂಟಿಸಿಕೊಂಡು ಬಂದಿದ್ದೀಯಲ್ಲ, ನಿನ್ನ ಮಂಡೆ ಸಮ ಉಂಟಾ?"

ಸೂರಜ್ ಕುರ್ಚಿಯ ಹತ್ತಿರ ಬರುವುದರೊಳಗೆ ದುಗ್ಗಪ್ಪ ಫ್ರೇಮನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ರಸ್ತೆಗೆ ಇಳಿದಾಗಿತ್ತು. ಆಟೋದವನು ಏನು ವಿಷಯ ಎಂದು ಕೇಳಿದ್ದಕ್ಕೂ ಬೈಗುಳವೇ ಸಿಕ್ಕಿತು.

ಆ ಫೋಟೋ ಮಾಡಿದ ಮಶೂದನ ಸ್ಟುಡಿಯೋ ಸುಳ್ಯದ ಬಸ್‌ಸ್ಟ್ಯಾಂಡಿನ ಹಿಂದೆ, ಮೆಟ್ಟಿಲು ಹತ್ತಿ ಹೋಗುವಲ್ಲಿ. ಅವನ ತಂದೆ ಮೂಸಕುಂಞಿ ತೆರೆದದ್ದು. ತಾಲೂಕಿನ ಅರ್ಧ ಜನರ ಮದುವೆಯ ಆಲ್ಬಮ್ ಅಲ್ಲಿಯೇ ಆದದ್ದು. ದುಗ್ಗಪ್ಪ ಫ್ರೇಮನ್ನು ಮೇಜಿನ ಮೇಲೆ ಧಡ್ಡನೆ ಇಟ್ಟ. ಗಾಜು ಒಡೆಯದಿದ್ದದ್ದೇ ಪುಣ್ಯ.

"ಈ ಕೈಯ ಹೆಂಗಸು ಯಾರು? ಅಡ್ರೆಸ್ ಕೊಡು. ಅವಳ ಮನೆಗೇ ಕೊಟ್ಟು ಬರ್ತೇನೆ."

"ದುಗ್ಗಪ್ಪಣ್ಣ, ಕೂತ್ಕೊಳ್ಳಿ ಒಮ್ಮೆ. ಬೊಬ್ಬೆ ಹಾಕಬೇಡಿ, ಒಳಗೆ ಪಾಸ್‌ಪೋರ್ಟ್ ಫೋಟೋಕ್ಕೆ ಜನ ಉಂಟು."

"ಇರ್ಲಿ. ಅವರ ತಲೆ ಯಾರ ಮೇಲೆ ಇಡ್ತಿ ನೋಡುವಾ."

ಮಶೂದ್ ಕೋಪಿಸಿಕೊಳ್ಳಲಿಲ್ಲ. ಸಾವಿನ ಮನೆಯವರ ಬೈಗುಳ ಅವನಿಗೆ ಹೊಸತಲ್ಲ. ಕಂಪ್ಯೂಟರನ್ನು ದುಗ್ಗಪ್ಪನ ಕಡೆ ತಿರುಗಿಸಿ ತೋರಿಸಿದ. ತೆರೆಯ ತುಂಬ ತಲೆಯಿಲ್ಲದ ದೇಹಗಳು. ಗಂಡಸರಿಗೆ ಕೋಟು, ಜುಬ್ಬಾ, ಬಿಳಿ ಅಂಗಿ. ಹೆಂಗಸರಿಗೆ ಹಸಿರು, ಕೆಂಪು, ನೇರಳೆ ರೇಷ್ಮೆ ಸೀರೆ. "ಜನ ಹಳೆ ಐಡಿ ಕಾರ್ಡಿನ ಫೋಟೋ ತಂದು ಕೊಡುದು. ಅದರಲ್ಲಿ ಕುತ್ತಿಗೆವರೆಗೆ ಮಾತ್ರ ಇರುದು. ನಾವು ಕೆಳಗೆ ಇದನ್ನು ಕೂಡಿಸುದು. ಮನೆಯವರಿಗೆ ಖುಷಿ ಆಗ್ತದೆ, ನಮಗೆ ಎಂತ ಉಂಟು?"

ದುಗ್ಗಪ್ಪ ನೇರಳೆ ಸೀರೆಯ ಮೇಲೆ ಬೆರಳಿಟ್ಟ. "ಹೋದ ವರ್ಷ ಪದ್ಮಯ್ಯನ ಹೆಂಡತಿ ತೀರಿಕೊಂಡದ್ದಲ್ವಾ. ಆ ಫೋಟೋಕ್ಕೂ ಇದೇ ಸೀರೆಯಾ?"

ಮಶೂದ್ ತಲೆ ಕೆರೆದುಕೊಂಡ. "ಇರಬಹುದು."

"ಉಂಗುರವೂ ಇದೇ?"

"ಹ್ಞೂಂ."

"ಅಂದ್ರೆ ನಾನು ಹೋದ ವರ್ಷ ಈ ಹೆಂಗಸಿನ ಕೈಗೆ ಕೈ ಮುಗಿದು ಬಂದದ್ದು! ನಾಳೆ ಪದ್ಮಯ್ಯ ಬಂದು ಮುಗಿದು ಹೋಗುದು! ಥೂ, ಎಂತ ಮಾರಾಯ ಇದು!"

ಪಾಸ್‌ಪೋರ್ಟ್ ಫೋಟೋಕ್ಕೆ ಕೂತವನು ಪರದೆ ಸರಿಸಿ ಇಣುಕಿ ನೋಡಿ ಮತ್ತೆ ಒಳಗೆ ಹೋದ. ಮಶೂದ್ ತಗ್ಗಿದ ದನಿಯಲ್ಲಿ, "ಬರೀ ಮುಖ ಕಟ್ ಮಾಡಿ ಕೊಡ್ಲಾ?" ಎಂದ.

"ಅದು ಬ್ಯೂಟಿಷಿಯನ್ ಬಳಿದ ಮುಖ. ಮಗನ ಮದುವೆ ದಿನ ಅದನ್ನು ತೊಳೆಯುವವರೆಗೆ ಅವಳು ಯಾರೊಟ್ಟಿಗೂ ನಗಲಿಲ್ಲ. ಬೇಡ."

"ಹಾಗಾದ್ರೆ ನಿಮ್ಮ ಮೊಬೈಲಲ್ಲಿ ಅಕ್ಕು ಅಕ್ಕಂದು ಯಾವುದಾದ್ರೂ ಉಂಟಾ?"

"ನನ್ನ ಮೊಬೈಲಲ್ಲಿ ಬೀಡಿದು ಮಾತ್ರ ಇರುದು."

ಮಶೂದ್‌ಗೆ ಅರ್ಥವಾಗಲಿಲ್ಲ. ದುಗ್ಗಪ್ಪ ಹೇಳಬೇಕಾಯಿತು. ನಾಲ್ಕು ವರ್ಷದ ಹಿಂದೆ ಬೀಡಿ ತೆಗೆದುಕೊಳ್ಳುವ ಬ್ರಾಂಚಿನ ಚೆಕ್ಕರ್, ಎಲೆ ಸರಿಯಿಲ್ಲ, ಬೀಡಿಯ ತಲೆ ಮಡಚಿದ್ದು ಸರಿಯಿಲ್ಲ ಎಂದು ಅಕ್ಕುವಿನ ಕಟ್ಟುಗಳನ್ನು ಅವಳ ಕಣ್ಣೆದುರೇ ಮುರಿದು ಬಿಸಾಡಿದ್ದ. ದುಗ್ಗಪ್ಪ ಜಗಳಕ್ಕೆ ಹೋದರೆ, "ಸರಿ ಇತ್ತು ಅನ್ಲಿಕ್ಕೆ ಸಾಕ್ಷಿ ಎಂತ ಉಂಟು?" ಎಂದು ನಕ್ಕಿದ್ದ. ಆ ನಗು ಇವನ ತಲೆಗೆ ಹತ್ತಿತು. ಅಂದಿನಿಂದ ವಾರಕ್ಕೆ ಎರಡು ಸಲ, ಅವಳು ಬ್ರಾಂಚಿಗೆ ಹೊರಡುವ ಮೊದಲು, ಗೆರಸೆಯಲ್ಲಿ ಜೋಡಿಸಿದ ಕಟ್ಟುಗಳ ಫೋಟೋ ತೆಗೆದಿಟ್ಟ. ಚೆಕ್ಕರ್ ಒಂದು ದಿನವೂ ಅದನ್ನು ನೋಡಲಿಲ್ಲ. ದುಗ್ಗಪ್ಪ ಒಂದು ದಿನವೂ ಬಿಡಲಿಲ್ಲ.

ಮಶೂದ್ ಮೊಬೈಲಿಗೆ ವಯರು ಸಿಕ್ಕಿಸಿದ. ಫೋಟೋಗಳು ಒಂದೊಂದಾಗಿ ದೊಡ್ಡ ತೆರೆಗೆ ಬಂದವು. ಗೆರಸೆ, ಬೀಡಿ. ಗೆರಸೆ, ಬೀಡಿ. ಮತ್ತೆ ಗೆರಸೆ.

"ದುಗ್ಗಪ್ಪಣ್ಣ," ಮಶೂದ್ ಮೆಲ್ಲಗೆ ಹೇಳಿದ, "ಎಲ್ಲದರಲ್ಲಿಯೂ ಕೈ ಉಂಟಲ್ಲ."

ಉಂಟು. ಒಂದರಲ್ಲಿ ಕಟ್ಟನ್ನು ಸರಿಮಾಡುವ ಬೆರಳು. ಒಂದರಲ್ಲಿ ಹೆಬ್ಬೆರಳ ಬುಡದಲ್ಲಿ ಕತ್ತರಿ ಹಿಡಿದು ಹಿಡಿದು ಗಟ್ಟಿಯಾದ ಜಡ್ಡು. ಒಂದರಲ್ಲಿ ತೋರುಬೆರಳಿಗೆ ಸುತ್ತಿದ ನೂಲು, ಒಂದರಲ್ಲಿ ಅರಸಿನ ಮೆತ್ತಿದ ಉಗುರು. ಎರಡು ಹಸಿರು ಗಾಜಿನ ಬಳೆ ಎಲ್ಲದರಲ್ಲಿಯೂ. ಕೆಲವು ಕಡೆ ಕೈ ಅಲುಗಿ ಮಸುಕಾಗಿತ್ತು, ಯಾಕೆಂದರೆ ಅವಳು ಗಡಿಬಿಡಿಯಲ್ಲಿ ಹಿಂದಕ್ಕೆ ಎಳೆದುಕೊಂಡಿದ್ದಳು. ಯಾಕೆ ಎಳೆದುಕೊಂಡಳೆಂದು ದುಗ್ಗಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಪ್ರತಿ ಸಲ ಅವನೇ ರೇಗುತ್ತಿದ್ದ: "ಕೈ ತೆಗಿ ಮಾರಾಯ್ತಿ, ಕೈ ತೆಗಿ! ಬೀಡಿ ಕಾಣುದಿಲ್ಲ!" ಅವಳಿಗೆ ಕಟ್ಟು ಓರೆಯಾಗಿದ್ದರೆ ಸಮಾಧಾನವಿರುತ್ತಿರಲಿಲ್ಲ. ತೆಗೆದ ಕೈ ಮತ್ತೆ ಬರುತ್ತಿತ್ತು. ಇವನು ಮತ್ತೆ ರೇಗುತ್ತಿದ್ದ.

ಕೊನೆಯ ಫೋಟೋಗಳು ಬಂದವು. ಕಟ್ಟುಗಳು ಕಡಿಮೆಯಾಗಿದ್ದವು. ಬಳೆಗಳ ಸುತ್ತ ಏನೋ ಬಿಳಿಯಾಗಿ ಕಾಣುತ್ತಿತ್ತು.

"ಅದೆಂತ ಅದು? ದೊಡ್ಡದು ಮಾಡು."

ಮಶೂದ್ ದೊಡ್ಡದು ಮಾಡಿದ. ಬೀಡಿ ಕಟ್ಟುವ ನೂಲು. ಬಳೆ ಕೈಯಿಂದ ಜಾರಿ ಬೀಳದ ಹಾಗೆ ಅಕ್ಕು ಅದಕ್ಕೆ ನೂಲು ಸುತ್ತಿ ಸುತ್ತಿ ದಪ್ಪ ಮಾಡಿದ್ದಳು. ಮಣಿಕಟ್ಟು ಅಷ್ಟು ಸಣ್ಣಗಾಗಿತ್ತು. ಮಶೂದ್ ಹಿಂದಿನ ಫೋಟೋಗೆ ಹೋದ, ಅಲ್ಲಿಯೂ ನೂಲು. ಅದರ ಹಿಂದಿನದರಲ್ಲಿಯೂ. ಐದು ತಿಂಗಳ ಹಿಂದಿನದರಲ್ಲಿ ತೆಳ್ಳಗೆ ಎರಡು ಸುತ್ತು ಮಾತ್ರ. ಅವಳು ಹಾಸಿಗೆ ಹಿಡಿದದ್ದು, ಆಸ್ಪತ್ರೆಗೆ ಕರೆದೊಯ್ದದ್ದು ಮೊನ್ನೆ ಮೊನ್ನೆ. ಐದು ತಿಂಗಳು ವಾರಕ್ಕೆರಡು ಸಲ ಎದುರು ಕೂತು ಮೊಬೈಲಿನಲ್ಲಿ ಹಿಡಿದವನಿಗೆ ಬೀಡಿ ಕಂಡಿತು, ಬಳೆ ಕಾಣಲಿಲ್ಲ.

ದುಗ್ಗಪ್ಪನಿಗೆ ಈಗ ಬಂದ ಸಿಟ್ಟು ಬೇರೆ ತರಹದ್ದು. ಮಗನನ್ನು ಬೈದು, ಚೆಕ್ಕರನ್ನು ಬೈದು ಮುಗಿಯುವಂಥದ್ದಲ್ಲ. ತನ್ನ ಕಪಾಳಕ್ಕೆ ತಾನೇ ಬಾರಿಸಿಕೊಳ್ಳಬೇಕೆನಿಸಿತು. ಮಶೂದ್ ಎದ್ದು ಹೋಗಿ ಒಂದು ಗ್ಲಾಸು ನೀರು ತಂದಿಟ್ಟ. ಅವನು ಕುಡಿಯಲಿಲ್ಲ.

"ಇದನ್ನೇ ಫ್ರೇಮ್ ಮಾಡು," ಎಂದ.

"ಇದರಲ್ಲಿ ಮುಖ ಇಲ್ಲ, ದುಗ್ಗಪ್ಪಣ್ಣ."

"ಮುಖ ನನಗೆ ನೆನಪುಂಟು."

ಸಂಜೆ ಆ ಫ್ರೇಮು ಜಗಲಿಗೆ ಬಂದಾಗ ಸೂರಜ್ ಮಾಡಿದ ರಾದ್ಧಾಂತ ಆಚೆಮನೆಯವರಿಗೂ ಕೇಳಿಸಿತು. "ಗೆರಸೆಗೆ ಹೂ ಹಾಕಿಸುದಾ? ನನ್ನ ಮಾವನ ಎದುರು ಬೀಡಿ ಇಡುದಾ? ನನ್ನ ಮರ್ಯಾದೆ ತೆಗೀಲಿಕ್ಕೇ ಹೊರಟಿದ್ದೀರಿ ನೀವು!"

"ನಿನ್ನ ಮಾವ ಬೀಡಿ ಸೇದುದು ಬಿಟ್ಟಿದ್ದಾರಾ?" ದುಗ್ಗಪ್ಪ ಕೇಳಿದ. "ಬಿಟ್ಟಿಲ್ಲ ಅಲ್ವಾ? ಹಾಗಾದ್ರೆ ಕಟ್ಟಿದವಳ ಕೈಗೆ ಒಂದು ಹೂ ಹಾಕ್ಲಿ. ಅದಕ್ಕೆ ಆಗುದಿಲ್ಲವಾದ್ರೆ ನೀನೂ ಅವರೊಟ್ಟಿಗೆ ಹೋಗು. ಊಟಕ್ಕೆ ಜನ ಕಡಿಮೆ ಅಂತ ಅಡುಗೆಯವರಿಗೆ ನಾನು ಹೇಳಿಕೊಳ್ತೇನೆ."

ಸೂರಜ್ ಹೋಗಲಿಲ್ಲ.

ಮರುದಿನ ಶಾಮಿಯಾನದ ಕೆಳಗೆ ಜನ ಸಾಲಾಗಿ ಬಂದರು. ಕುರ್ಚಿಯ ಎದುರು ಬಂದವರು ಒಂದು ಗಳಿಗೆ ತಡವರಿಸಿ, ಮುಖ ಎಲ್ಲಿ ಎಂದು ಹುಡುಕಿ, ಆಮೇಲೆ ಹೂ ಹಾಕಿದರು. ಪದ್ಮಯ್ಯ ಬಹಳ ಹೊತ್ತು ನೋಡಿದ. ಪುತ್ತೂರಿನ ಮಾವ ಹೂ ಹಾಕಿ, ಕೈ ಒರೆಸಿಕೊಂಡು ಹೋಗಿ ಕೂತರು. ಮೂವತ್ತು ವರ್ಷ ಅಕ್ಕುವಿನೊಟ್ಟಿಗೆ ಬ್ರಾಂಚಿಗೆ ನಡೆದ ಮೈಮೂನಮ್ಮ ಮಾತ್ರ ತಡವರಿಸಲೇ ಇಲ್ಲ. ದೂರದಿಂದಲೇ ನೋಡಿ, "ಯಾ ಅಲ್ಲಾಹ್, ಅಕ್ಕು!" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ನಿಂತುಬಿಟ್ಟಳು.

ನುಡಿನಮನದವರು ಮೈಕಿನಲ್ಲಿ ಅಕ್ಕುವಿನ ಸದ್ಗುಣಗಳನ್ನು ಹೇಳತೊಡಗಿದರು. ಹೂ ಹಾಕುವವರು ಇನ್ನೂ ಬರುತ್ತಲೇ ಇದ್ದರು. ಸೇವಂತಿಗೆಯ ಎಸಳು ಫ್ರೇಮಿನ ಬುಡದಲ್ಲಿ ರಾಶಿಯಾಗಿ, ಮೆಲ್ಲಮೆಲ್ಲನೆ ಮೇಲಕ್ಕೆ ಏರಿ, ಮೊದಲು ಗೆರಸೆಯನ್ನು, ಆಮೇಲೆ ಬೆರಳನ್ನು ಮುಚ್ಚಿತು. ನೂಲು ಸುತ್ತಿದ ಬಳೆ ಮುಚ್ಚುವ ಹೊತ್ತಿಗೆ ದುಗ್ಗಪ್ಪ ಎದ್ದ. ಮೈಕಿನವರು ಮಾತು ನಿಲ್ಲಿಸಿದರು.

"ಹೂ ತೆಗೀರಿ ಮಾರಾಯ್ರೆ," ಎಂದ ಅವನು. ದನಿ ರೇಗಿದ ಹಾಗೆಯೇ ಇತ್ತು. "ಕೈ ಕಾಣುದಿಲ್ಲ."

ಯಾರೂ ಅಲುಗಲಿಲ್ಲ. ಅವನೇ ಮೊಣಕಾಲೂರಿ ಎರಡೂ ಕೈಯಲ್ಲಿ ಎಸಳುಗಳನ್ನು ಬದಿಗೆ ಸರಿಸಿದ. ಸಾಲಿನ ಕೊನೆಯಲ್ಲಿದ್ದ ಸೂರಜ್ ಮುಂದೆ ಬಂದು, ಮುಷ್ಟಿಯಲ್ಲಿದ್ದ ಹೂವನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಅಪ್ಪನ ಹಿಂದೆ ನಿಂತ.