ಮುಂಬಾಗಿಲಿನವರು

“ಊದಿರೋದು ಹೆಬ್ಬೆಟ್ಟು ತಾನೆ? ನಿನ್ ತಲೆಯೇನೂ ಉದುರ್ಹೋಗಿಲ್ವಲ್ಲ ಬೋಳಿಮಗನೆ! ಟೇಪ್ ಸುತ್ಕೊಂಡು ಕುಯ್ಯಿ!”

ಮೇಸ್ತ್ರಿ ಎಫ್ರೇನ್ ಟ್ರಕ್ಕಿನ ಕಿಟಕಿಯಿಂದಲೇ ಟೇಪಿನ ಉರುಳೆ ಎಸೆದ. ಅದು ನಿಕಾನೋರನ ಎದೆಗೆ ಬಡಿದು ಲೆಟ್ಯೂಸ್ ಸಾಲಿನ ಕೆಸರಿಗೆ ಬಿತ್ತು. ನಿಕಾನೋರ್ ಬಲಗೈಯಲ್ಲಿ ಎತ್ತಿಕೊಂಡ. ಎಡಗೈ ಎತ್ತುವ ಸ್ಥಿತಿಯಲ್ಲಿರಲಿಲ್ಲ. ಸೊಪ್ಪಿನ ಕತ್ತಿ ತಗುಲಿದ ಹೆಬ್ಬೆಟ್ಟು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಬಾವು ಮಣಿಕಟ್ಟು ದಾಟಿ ಮೇಲಕ್ಕೆ ಹೊರಟಿತ್ತು.

“ಡಾಕ್ಟ್ರತ್ರ ಕರ್ಕೊಂಡೋಗಿ ಮೇಸ್ತ್ರಿ.”

“ಡಾಕ್ಟ್ರು ಏನಂತಾನೆ? ಎಲ್ಲಿ ಕುಯ್ಕೊಂಡೆ, ಯಾರ ಹೊಲ ಅಂತಾನೆ. ಧಣಿಗೆ ಇಲ್ಲದ ತಲೆನೋವು.”

“ಹಂಗಾದ್ರೆ ನನ್ ಪಾಸ್‌ಪೋರ್ಟ್ ಕೊಡಿ. ಗಡಿ ದಾಟಿ ನಮ್ ಕಡೆ ಡಾಕ್ಟ್ರಿಗೆ ತೋರಿಸ್ತೀನಿ.”

“ಕುಯ್ಲು ಮುಗೀಲಿ. ಪೆಟ್ಟಿಗೇಲಿ ಜೋಪಾನವಾಗೈತೆ” ಎಂದು ಎಫ್ರೇನ್ ಸೀಟಿನ ಪಕ್ಕದ ತಗಡಿನ ಪೆಟ್ಟಿಗೆಯನ್ನು ಮಗುವಿನ ಬೆನ್ನು ತಟ್ಟುವಂತೆ ತಟ್ಟಿ ಕಿಟಕಿ ಏರಿಸಿಕೊಂಡ.

ನಿಕಾನೋರ್ ಕಾಗದದವನು. ಗಡಿಯಾಚೆಯ ಸಿನಾಲೋವಾದಿಂದ ಅವನ ಜೊತೆ ಬಂದ ಇನ್ನೂ ಏಳು ಮಂದಿಯೂ ಕಾಗದದವರೇ. ಈಚೆಯ ಸರ್ಕಾರವೇ ವೀಸಾ ಕೊಟ್ಟು, ಬಸ್ಸಿನಲ್ಲಿ ಕೂರಿಸಿ, ಅರಿಜೋನದ ಈ ತುದಿಗೆ ಸೊಪ್ಪು ಕೊಯ್ಯಲು ಕರೆಸಿಕೊಂಡಿತ್ತು. ಬಸ್ಸಿಳಿದ ದಿನವೇ ಎಫ್ರೇನ್ ಅವರ ಪಾಸ್‌ಪೋರ್ಟುಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ ಬೀಗ ಜಡಿದ. ಊರಿಗೆ ಹೋಗುವಾಗ ಯಾರೂ ಏನೂ ಕೇಳುವುದಿಲ್ಲ, ಗಡಿಯ ತಿರುಗುಗೇಟು ದಾಟಿದರೆ ಆಯಿತು. ವಾಪಸು ಬರಬೇಕಾದರೆ, ಮುಂದಿನ ವರ್ಷ ಬೇರೆ ಧಣಿಯ ಹತ್ತಿರ ಸೇರಬೇಕಾದರೆ ಆ ಹಸಿರು ಪುಸ್ತಕ ಬೇಕು. ಅದಿಲ್ಲದೆ ಹೋದವನ ಅನ್ನ ಹೋಯಿತು. ಹೋಗದಿದ್ದರೆ ನಿಕಾನೋರನ ಕೈ ಹೋಗುತ್ತಿತ್ತು.

ನಾನು ದೆಲ್ಫಿನಾ. ನನಗೆ ಕಾಗದದ ತಂಟೆಯೇ ಇಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಮರುಭೂಮಿಯಲ್ಲಿ ನಡೆದು ಬಂದವಳು. ಇಲ್ಲೇ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳು ಇಲ್ಲೇ ಶಾಲೆಗೆ ಹೋಗುತ್ತಾರೆ. ನಾನು ಆಚೆ ಹೋದರೆ ಈಚೆ ಬರಲಾರೆ, ಅಷ್ಟೇ. ನಮ್ಮಂಥವರು ಈ ಹೊಲದಲ್ಲಿ ಕಾಗದದವರಿಗಿಂತ ಹೆಚ್ಚಿದ್ದೆವು. ಅವರು ನಮ್ಮನ್ನು ಕಳ್ಳಬೆಕ್ಕುಗಳು ಎನ್ನುತ್ತಿದ್ದರು, ನಾವು ಅವರನ್ನು ಹಗ್ಗದ ನಾಯಿಗಳು ಎನ್ನುತ್ತಿದ್ದೆವು. ಹಾಗೆಂದು ಬೈದಾಡಿಕೊಂಡೇ ಒಂದೇ ಸಾಲಿನಲ್ಲಿ ಸೊಂಟ ಬಗ್ಗಿಸುತ್ತಿದ್ದೆವು, ಒಂದೇ ಬಸ್ಸಿನ ನೆರಳಿನಲ್ಲಿ ಹುರುಳಿಕಾಳಿನ ರೊಟ್ಟಿ ತಿನ್ನುತ್ತಿದ್ದೆವು.

ಅವತ್ತು ಆ ನೆರಳಿಗೆ ಎಫ್ರೇನ್ ಬಂದು ನಿಂತ. ಮುಖದಲ್ಲಿ ಮದುವೆ ಮನೆಯ ಕಳೆ.

“ಕೇಳ್ರಪ್ಪ. ನಾಳಿದ್ದು ಚುನಾವಣೆಗೆ ನಿಂತಿರೋ ದೊಡ್ಡೋರು ಬತ್ತಾರೆ. ಕ್ಯಾಮೆರಾದೋರೂ ಬತ್ತಾರೆ. ಗಡಿ ಭದ್ರ ಮಾಡಬೇಕು, ಕಾನೂನು ಪ್ರಕಾರ ಬರೋರಿಗೆ ಬಾಗಿಲು ತೆಗೀಬೇಕು ಅಂತ ನಮ್ ಹೊಲದಾಗೇ ಭಾಷಣ. ಕಾಗದದೋರು ಎಂಟು ಜನ ಪಾಸ್‌ಪೋರ್ಟ್ ಹಿಡ್ಕೊಂಡು ಸಾಲಾಗಿ ನಿಲ್ಲಬೇಕು. ಧಣಿ ಹೊಸ ಹಳದಿ ಜಾಕೆಟ್ ಕೊಡ್ತಾರೆ.”

“ನಮ್ಗೆ?” ಎಂದಳು ಚೇಲಾ. ಅವಳು ನನ್ನ ಸಾಲಿನ ಜೊತೆಗಾತಿ; ಅವಳ ನಾಲಿಗೆ ಅವಳ ಕತ್ತಿಗಿಂತ ಹರಿತ.

“ನಿಮ್ಗೆ ಬಸ್ಸು. ಕಾಲುವೆ ಕಡೆ ನೀಲಗಿರಿ ಮರದ ಹಿಂದೆ ನಿಲ್ಲಿಸ್ತೀನಿ. ಒಳಗೆ ಕೂತ್ಕೊಂಡು ಉಸ್ರೂ ಬಿಡಬಾರ್ದು. ಯಾರಾದ್ರೂ ಬಂದು ಕೇಳಿದ್ರೆ ನಾನ್ಯಾರೋ ನಿಮ್ಗೊತ್ತಿಲ್ಲ, ನೀವ್ಯಾರೋ ನನ್ಗೊತ್ತಿಲ್ಲ. ತಿಳೀತಾ?”

ಈ ಮಾತನ್ನು ಅವನು ಹನ್ನೆರಡು ವರ್ಷದಿಂದ ಹೇಳಿಕೊಂಡು ಬಂದಿದ್ದ. ನಮಗೆ ಏಸುವಿನ ಪ್ರಾರ್ಥನೆಗಿಂತ ಚೆನ್ನಾಗಿ ಬಾಯಿಗೆ ಬರುತ್ತಿತ್ತು.

“ತಿಳೀತು ಮೇಸ್ತ್ರಿ. ‘ಗಡಿ ಭದ್ರವಾಗಲಿ’ ಅಂತ ಧಣಿ ಗೇಟಲ್ಲಿ ಬೋರ್ಡು ನಿಲ್ಸವ್ರಲ್ಲ, ಅದಕ್ಕೆ ಗುಂಡಿ ತೋಡಿದ್ದೂ ನಾನೂ ದೆಲ್ಫಿನಕ್ಕಾನೂ. ಅದನ್ನೂ ಹೇಳಬಾರ್ದಾ?” ಎಂದು ಚೇಲಾ ಕೇಳಿದಳು.

“ನಿನ್ ಬಾಯಿಗೆ ಮೊದ್ಲು ಬೇಲಿ ಹಾಕ್ಬೇಕು ಕಣಮ್ಮಿ” ಎಂದು ಎಫ್ರೇನ್ ಹೊರಟ. ಎರಡು ಹೆಜ್ಜೆ ಹೋದವನು ತಿರುಗಿ, “ಆ ಕಕ್ಕಸಿನ ಗಾಡೀನೂ ಬಸ್ ಪಕ್ಕಕ್ಕೆ ಎಳ್ಕೊಂಡೋಗಿ ನಿಲ್ಸಿ. ದೊಡ್ಡೋರ ಮೂಗಿಗೆ ನಾರಬಾರ್ದು ಅಂದವ್ರೆ ಧಣಿ” ಎಂದ.

ದೇವರು ಎಲ್ಲಿಂದಲೋ ಕೊಡುತ್ತಾನೆ ಎನ್ನುತ್ತಾರೆ. ನಮಗೆ ಕಕ್ಕಸಿನ ಕಡೆಯಿಂದ ಕೊಟ್ಟ.

ನಿಕಾನೋರ್ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ನಾನು ಅವನ ಪಕ್ಕಕ್ಕೆ ಜರುಗಿದೆ.

“ಲೋ ಹಗ್ಗದ ನಾಯಿ, ನಾಳಿದ್ದು ಪಾಸ್‌ಪೋರ್ಟು ನಿನ್ ಕೈಗೆ ಬತ್ತದೆ.”

“ಬತ್ತದೆ, ಫೋಟೋ ಆದೇಟಿಗೆ ಹೋಯ್ತದೆ. ಮಧ್ಯದಾಗೆ ಓಡೋಕಾಯ್ತದಾ ಅಕ್ಕ? ಎಂಟು ಹಳದಿ ಜಾಕೆಟ್‌ನಾಗೆ ಒಂದು ಕಮ್ಮಿಯಾದ್ರೆ ಕುರುಡನಿಗೂ ಗೊತ್ತಾಯ್ತದೆ.”

“ಕಮ್ಮಿ ಯಾಕಾಯ್ತದ್ಲಾ?” ಎಂದೆ. “ಬಸ್ಸಿನ ತುಂಬ ನಾವಿಲ್ವಾ?”

ಅವನು ನನ್ನ ಮುಖ ನೋಡಿದ. ಮುಖ ಎಂದರೆ ಕಣ್ಣು, ಅಷ್ಟೇ. ಲೆಟ್ಯೂಸ್ ಕೊಯ್ಯುವವರ ವೇಷವೇ ಹಾಗೆ. ತಲೆಗೆ ಟೋಪಿ, ಅದರ ಮೇಲೆ ಹೊದಿಕೆ, ಮೂಗಿನಿಂದ ಕುತ್ತಿಗೆವರೆಗೆ ಬಿಗಿದ ಬಟ್ಟೆ. ಬಿಸಿಲು, ಧೂಳು, ಔಷಧಿ ಎಲ್ಲದಕ್ಕೂ ಅದೊಂದೇ ಗುರಾಣಿ. ಹೆಣ್ಣಾದರೂ ಅಷ್ಟೇ, ಗಂಡಾದರೂ ಅಷ್ಟೇ. ನಾವು ಒಬ್ಬರನ್ನೊಬ್ಬರು ಬೆನ್ನಿನಿಂದ ಗುರುತು ಹಿಡಿಯುತ್ತೇವೆ: ಯಾರು ಹೇಗೆ ಬಗ್ಗುತ್ತಾರೆ, ಯಾರ ಸೊಂಟ ಯಾವ ಕಡೆ ವಾಲುತ್ತದೆ. ಎಫ್ರೇನನಿಗೂ ಒಂದು ಕಾಲದಲ್ಲಿ ಈ ವಿದ್ಯೆ ಬರುತ್ತಿತ್ತು. ಟ್ರಕ್ಕಿನ ಸೀಟು ಹತ್ತಿದ ಮೇಲೆ ಮರೆತುಹೋಗಿತ್ತು.

ಉಳಿದ ಏಳು ಮಂದಿಯನ್ನು ಒಪ್ಪಿಸಲು ಹೆಚ್ಚು ಹೊತ್ತಾಗಲಿಲ್ಲ. “ನೀನೊಬ್ನೇ ಹೋದ್ರೆ ನಮ್ ಚರ್ಮ ಸುಲೀತಾನೆ. ಎಲ್ರೂ ಹೋದ್ರೆ ಯಾರ್ದು ಸುಲೀತಾನೆ?” ಎಂದ ಅವರಲ್ಲಿ ಹಿರಿಯ. “ಮೇಸ್ತ್ರಿ ಇವ್ನೊಬ್ನೇನಾ? ಪುಸ್ತಕ ಕೈಲಿದ್ರೆ ಹೊಲಗಳಿಗೇನು ಬರ.”

ಆ ದಿನ ಬಂತು. ಹೊಲದ ನಡುವೆ ಬಿಳಿ ಶಾಮಿಯಾನ ಎದ್ದಿತು. ನಾವು ಬಸ್ಸಿನೊಳಗೆ ಬೇಯುತ್ತ, ಕಿಟಕಿಯ ಬಿರುಕಿನಿಂದ ನೋಡುತ್ತಿದ್ದೆವು. ಹಾರ್ಲನ್ ಧಣಿ ಇಸ್ತ್ರಿ ಅಂಗಿ ಹಾಕಿಕೊಂಡು ಆಚೀಚೆ ಓಡಾಡುತ್ತಿದ್ದ. ದೊಡ್ಡವರು ಹೊಸ ಬೂಟು ಹಾಕಿಕೊಂಡು ಬಂದರು. ಎಂಟು ಹಳದಿ ಜಾಕೆಟ್ಟುಗಳು ಹಸಿರು ಪುಸ್ತಕಗಳನ್ನು ಮೇಲೆತ್ತಿ ಹಿಡಿದು ನಿಂತವು. ದೂರದ ತುಕ್ಕುಬಣ್ಣದ ಕಬ್ಬಿಣದ ಬೇಲಿ ಚಿತ್ರದಲ್ಲಿ ಬರಲೆಂದು ಅವರನ್ನು ಮೂರು ಸಲ ಹಿಂದೆ ಮುಂದೆ ಸರಿಸಿದರು. ದೊಡ್ಡವರ ಧ್ವನಿ ಮೈಕಿನಲ್ಲಿ ನಮ್ಮ ಬಸ್ಸಿನವರೆಗೂ ಬಂತು:

“ಮನೆ ಅಂದಮೇಲೆ ಬಾಗಿಲು ಇರುತ್ತೆ! ಬಾಗಿಲು ತಟ್ಟಿ ಬಂದೋರನ್ನ ನಾವು ಕೂರಿಸಿ ಊಟ ಹಾಕ್ತೀವಿ. ಕಿಟಕಿ ಹಾರಿ ಬಂದೋರನ್ನ ಪೊಲೀಸರಿಗೆ ಕೊಡ್ತೀವಿ!”

“ಊಟ ಹಾಕ್ತಾರಂತೆ ಕಣೇ. ಯಾವತ್ತು ಹಾಕಿದ್ರು?” ಎಂದಳು ಚೇಲಾ.

ಊಟ ಅವರಿಗೇ ಇತ್ತು. ಚಪ್ಪಾಳೆಯಾದ ಮೇಲೆ ದೊಡ್ಡವರು, ಧಣಿ, ಕ್ಯಾಮೆರಾದವರು ಶಾಮಿಯಾನದೊಳಗೆ ತಿಂಡಿಗೆ ಹೋದರು. ತಿಂಡಿಯಾದ ಮೇಲೆ ದೊಡ್ಡವರು ತಾವೇ ಒಂದು ಲೆಟ್ಯೂಸ್ ಕೊಯ್ಯುವ ಕಾರ್ಯಕ್ರಮ. ಅಲ್ಲಿಯವರೆಗೂ ಪಾಸ್‌ಪೋರ್ಟು ಜೇಬಿನಲ್ಲಿಟ್ಟುಕೊಂಡಿರಿ ಎಂದ ಎಫ್ರೇನ್. ನಿಕಾನೋರ್ ಹೊಟ್ಟೆ ಹಿಡಿದುಕೊಂಡ. ಬೇರೆ ದಿನವಾಗಿದ್ದರೆ ಕಕ್ಕಸಿಗೆ ಹೋಗಲು ಕೇಳಿದವನ ಅಪ್ಪ ಅಜ್ಜನನ್ನೆಲ್ಲ ಎಫ್ರೇನ್ ಎಬ್ಬಿಸುತ್ತಿದ್ದ. ಇವತ್ತು ಕ್ಯಾಮೆರಾ ಇತ್ತು.

“ಹೋಗಪ್ಪ, ಹೋಗ್ಬಾ” ಎಂದ, ಹಲ್ಲು ಕಡಿದುಕೊಂಡು ನಗುತ್ತ.

ಒಳಗೆ ಹೋಗಿ ಚಿಲಕ ಹಾಕಬೇಕಾದ ಕೆಲಸವೇನೂ ಇರಲಿಲ್ಲ. ಕಕ್ಕಸಿನ ಗಾಡಿಯ ಹಿಂದೆ ನಿಕಾನೋರ್ ಬಂದ, ನಾನು ಬಸ್ಸಿನಿಂದ ಇಳಿದೆ. ಊದಿದ ಕೈಗೆ ಜಾಕೆಟ್ಟಿನ ತೋಳು ಬಿಗಿದುಕೊಂಡು ಬಿಟ್ಟಿತ್ತು. ಎಳೆದಾಗ ಅವನು ತುಟಿ ಕಚ್ಚಿಕೊಂಡ, ಕಣ್ಣಲ್ಲಿ ನೀರು ಬಂತು.

“ನಿಮ್ಗೇನಾದ್ರೂ ಆದ್ರೆ ಅಕ್ಕ?”

“ನಂಗೆ ಆಗೋದೇನು? ಇವತ್ತಲ್ಲ ನಾಳೆ ಆಗ್ತಿದ್ದದ್ದೇ. ನಡೀಲಾ, ಕೈ ನೋಡ್ಕೋ.”

ಮಕ್ಕಳು ಶಾಲೆಯಿಂದ ಬಂದಾಗ ನಾನಿಲ್ಲದಿದ್ದರೆ ಎಂಬ ಯೋಚನೆ ಬಂತು. ಅವನ ಜಾಕೆಟ್ಟು ತೊಟ್ಟು, ಟೋಪಿ ಎಳೆದುಕೊಂಡು ಸಾಲಿಗೆ ನಡೆದೆ. ಹಾಗೆ ಒಬ್ಬೊಬ್ಬರಿಗೂ ಹೊಟ್ಟೆ ಕೆಟ್ಟಿತು. ಹಳದಿ ಜಾಕೆಟ್ ಹೋಗುತ್ತಿತ್ತು, ಹಳದಿ ಜಾಕೆಟ್ ಬರುತ್ತಿತ್ತು. ಕಾಲುವೆಯ ಆಚೆ ಚೇಲಾಳ ತಮ್ಮನ ಹಳೇ ವ್ಯಾನು ಕಾಯುತ್ತಿತ್ತು. ಗಡಿಯ ಗೇಟು ಅಲ್ಲಿಂದ ಒಂದು ಸಿಗರೇಟು ಸೇದುವಷ್ಟು ದೂರ.

ದೊಡ್ಡವರು ತಿಂಡಿ ಮುಗಿಸಿ ಬಂದಾಗ ಎಂಟು ಜಾಕೆಟ್ಟುಗಳೂ ಸಾಲಿನಲ್ಲಿದ್ದವು. ಧಣಿ ಕಣ್ಣಿನಲ್ಲೇ ಎಣಿಸಿ ಸಮಾಧಾನಪಟ್ಟುಕೊಂಡ. ದೊಡ್ಡವರು ಕತ್ತಿ ಹಿಡಿದು ಒಂದು ಲೆಟ್ಯೂಸ್ ಗಡ್ಡೆಯ ಕುತ್ತಿಗೆಯನ್ನು ಸೀಳಿ ಸೀಳಿ ಕೊನೆಗೆ ಕಿತ್ತೇಬಿಟ್ಟರು. ಕ್ಯಾಮೆರಾಗೆಂದು ಒಂದು ಎಲೆ ಹರಿದು ಬಾಯಿಗಿಟ್ಟುಕೊಂಡು ಕರಕರ ಅಗಿದರು. ಆಮೇಲೆ ಹತ್ತಿರದಲ್ಲಿದ್ದವರ ಕೈ ಹಿಡಿದು ಮೇಲೆತ್ತಿದರು. ಹತ್ತಿರದಲ್ಲಿದ್ದವಳು ನಾನು.

“ನೋಡಿ ಈ ಕೈಯನ್ನ! ಮುಂಬಾಗಿಲಿಂದ ಬಂದ ಕೈ ಇದು! ಇಂಥೋರು ನಮಗೆ ಬೇಕು!”

ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಹಿಂದೆ ಚೇಲಾ ಕೆಮ್ಮುತ್ತಿದ್ದಳು. ಅದು ಕೆಮ್ಮಲ್ಲವೆಂದು ನನಗೆ ಗೊತ್ತಿತ್ತು.

“ಆದರೆ ಮುಖ ಯಾಕೆ ಮುಚ್ಕೊಂಡಿದ್ದಾರೆ ಇವರೆಲ್ಲ? ಬಟ್ಟೆ ತೆಗೆದು ಒಂದು ಸಲ ನಗೋಕೆ ಹೇಳಿ” ಎಂದರು ದೊಡ್ಡವರು.

ಎಫ್ರೇನ್ ಕೈ ಜೋಡಿಸಿಕೊಂಡು ಮುಂದೆ ಬಂದ. ಪ್ರತಿವರ್ಷ ಇನ್‌ಸ್ಪೆಕ್ಟರಿಗೆ ಒಪ್ಪಿಸುವ ಉತ್ತರ ಅವನ ಬಾಯಿಯಿಂದ ತಾನಾಗಿಯೇ ಬಂತು:

“ಔಷಧಿ ಹೊಡ್ದೈತೆ ಸ್ವಾಮಿ, ಸೊಪ್ಪಿಗೆ. ಮೂಗು ಬಾಯಿಗೆ ಹೋಗಬಾರ್ದು ಅಂತ.”

ದೊಡ್ಡವರ ದವಡೆ ನಿಂತಿತು. ಬಾಯಲ್ಲಿದ್ದ ಎಲೆಯನ್ನು ನುಂಗುವಂತಿಲ್ಲ, ಕ್ಯಾಮೆರಾದ ಮುಂದೆ ಉಗಿಯುವಂತಿಲ್ಲ. ನನ್ನ ಕೈ ಬಿಟ್ಟು ತಮ್ಮ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಮುಖದ ಬಟ್ಟೆಯ ಮಾತು ಆಮೇಲೆ ಏಳಲಿಲ್ಲ. ಕೆನ್ನೆ ಉಬ್ಬಿಸಿಕೊಂಡೇ ಕೈಬೀಸಿ ಕಾರು ಹತ್ತಿದರು. ಗೇಟಿನ ಬೋರ್ಡಿನ ಬುಡದಲ್ಲಿ ಕಾರು ಒಂದು ಕ್ಷಣ ನಿಂತು, ಬಾಗಿಲು ತೆರೆದು, ಮತ್ತೆ ಮುಚ್ಚಿತು.

ಧೂಳು ಅಡಗುವ ಮೊದಲೇ ಎಫ್ರೇನ್ ತಗಡಿನ ಪೆಟ್ಟಿಗೆ ತೆರೆದುಕೊಂಡು ಬಂದ. “ಹಾಕಿ, ಹಾಕಿ. ಆಟ ಮುಗೀತು.”

ನಾನು ಕಾಲ ಬಳಿಯಿದ್ದ ಒಂದು ಲೆಟ್ಯೂಸನ್ನು ಕೊಯ್ದು, ಕೊಳೆತ ಎಲೆ ಬಿಡಿಸಿ, ಪೆಟ್ಟಿಗೆಯಲ್ಲಿಟ್ಟೆ.

“ಏನಮ್ಮಿ ಇದು?” ಎಂದವನು ನನ್ನ ಕಣ್ಣು ನೋಡಿದ. ನಾನು ಬಟ್ಟೆ ಕೆಳಗಿಳಿಸಿದೆ. ಚೇಲಾ ಇಳಿಸಿದಳು. ಒಬ್ಬೊಬ್ಬರೇ ಎಂಟೂ ಜನ ಇಳಿಸಿದರು. ಬಸ್ಸಿನಲ್ಲಿ ಉಳಿದವರೂ ಇಳಿದು ಬಂದು ನಮ್ಮ ಹಿಂದೆ ನಿಂತರು.

“ಸೂಳೆಮಕ್ಳಾ! ಅವ್ರೆಲ್ಲಿ?”

“ಮನೆಗೆ ಹೋದ್ರು. ಮುಂಬಾಗಿಲಿಂದ್ಲೇ ಹೋದ್ರು” ಎಂದಳು ಚೇಲಾ.

“ಈಗ್ಲೇ ಮಿಗ್ರಾಗೆ ಫೋನ್ ಮಾಡ್ತೀನಿ! ಗಡಿ ಪೊಲೀಸ್ರು ನಿಮ್ಮನ್ನೆಲ್ಲ ದರದರ ಎಳ್ಕೊಂಡೋಗ್ಲಿ!”

“ಮಾಡು ಮೇಸ್ತ್ರಿ” ಎಂದೆ. “ದೊಡ್ಡೋರು ಕೈ ಎತ್ತಿಸಿದ್ರಲ್ಲ, ಆ ಹೆಂಗ್ಸು ಅಂತ ಹೇಳು. ಬೇಗ ಗುರುತು ಸಿಗ್ತದೆ. ಇಷ್ಟೊತ್ತಿಗೆ ಎಲ್ಲಾ ಫೋನ್‌ನಾಗೂ ಬಂದಿರ್ತದೆ.”

ಹಾರ್ಲನ್ ಧಣಿ ಹಿಂದೆಯೇ ಬಂದಿದ್ದ. ನನ್ನ ಮುಖ ಅವನಿಗೆ ಗೊತ್ತು. ಪ್ರತಿ ಕ್ರಿಸ್‌ಮಸ್ಸಿಗೆ ಅವನ ಮನೆಗೆ ಜೋಳದ ಕಡುಬು ಮಾಡಿಕೊಡುವವಳು ನಾನೇ. ಅವನು ಬೈಯಲಿಲ್ಲ. ಮಧ್ಯಾಹ್ನದ ಬಿಸಿಲನ್ನು ನೋಡಿದ, ಕೊಯ್ಯದೆ ಉಳಿದ ಸಾಲುಗಳನ್ನು ನೋಡಿದ. ಸಂಜೆಗೆ ಲಾರಿಗಳು ಬರುವುದಿತ್ತು.

“ದೆಲ್ಫಿನಾ, ಕೆಲಸ ಶುರುಮಾಡಿ. ಇದನ್ನ ಆಮೇಲೆ ಮಾತಾಡೋಣ.”

“ಈಗ್ಲೇ ಮಾತಾಡನ ಧಣಿ. ಇನ್ಮೇಲೆ ಬರೋರ ಪಾಸ್‌ಪೋರ್ಟ್ ಅವ್ರವ್ರ ಜೇಬಲ್ಲೇ ಇರಬೇಕು. ಕೈ ಕುಯ್ಕೊಂಡ್ರೆ ಡಾಕ್ಟ್ರತ್ರ ಕರ್ಕೊಂಡೋಗ್ಬೇಕು. ಕಾಗದ ಇರ್ಲಿ, ಇಲ್ದಿರ್ಲಿ.”

ಹೇಳಿ ನಾನು ಒಂದು ಖಾಲಿ ಪೆಟ್ಟಿಗೆಯನ್ನು ಬೋರಲು ಹಾಕಿ ಕೂತೆ. ಎಲ್ಲರೂ ಕೂತರು. ಕೆಲಸದ ಹೊತ್ತಿನಲ್ಲಿ ಸಾಲಿನ ನಡುವೆ ಕೂತದ್ದು ಅದೇ ಮೊದಲು. ಆಕಾಶ ಎಷ್ಟು ದೊಡ್ಡದಿದೆ ಎಂದು ಆಗ ಕಂಡಿತು.

ಧಣಿಯ ಮುಖ ಕೆಂಪಾಯಿತು. ನಮ್ಮ ಮೇಲೆ ಹಾಕಲಾಗದ ಸಿಟ್ಟನ್ನು ಎಫ್ರೇನನ ಮೇಲೆ ಹಾಕಿದ. “ನಿನ್ನ ಜನ ಇವರು! ಇವರು ಕೊಯ್ಯಲ್ಲ ಅಂದ್ರೆ ನೀನು ಕೊಯ್ಯಿ!” ಎಂದು ಕತ್ತಿಯನ್ನು ಅವನ ಕಾಲ ಬಳಿ ಎಸೆದು ಕಾರು ಹತ್ತಿ ಮನೆ ಕಡೆ ಹೋದ.

ಎಫ್ರೇನ್ ಕತ್ತಿ ಎತ್ತಿಕೊಂಡ. ಟ್ರಕ್ಕಿನವನ ಮುಖಕ್ಕೆ ಬಟ್ಟೆ ಎಲ್ಲಿಂದ ಬರಬೇಕು, ಬರಿಮುಖದಲ್ಲೇ ಬಗ್ಗಿದ. ಹೊಳೆಯುವ ಬೂಟು ಕೆಸರಲ್ಲಿ ಹೂತುಕೊಂಡಿತು. ಸೊಂಟ ಎಡಕ್ಕೆ ವಾಲಿತು.

“ನೋಡ್ರೇ, ಬೆನ್ನು ಇನ್ನೂ ಅದೇ ಐತೆ” ಎಂದಳು ಚೇಲಾ. ಅಷ್ಟರಲ್ಲಿ ಅವಳ ಫೋನು ಗುಂಯ್‌ಗುಟ್ಟಿತು. ಗಡಿಯಾಚೆಯಿಂದ ಒಂದು ಫೋಟೋ: ಡಾಕ್ಟರ ಬಾಗಿಲ ಮುಂದೆ ನಿಕಾನೋರ್, ಬಲಗೈಯಲ್ಲಿ ಹಸಿರು ಪುಸ್ತಕ. ‘ಒಳಗೆ ಕರೀತಾವ್ರೆ’ ಎಂದಷ್ಟೇ ಬರೆದಿದ್ದ.

ಆಗ ಕಾಲುವೆಯ ದಾರಿಯಲ್ಲಿ ಬಿಳಿ ಹಸಿರು ಪಟ್ಟೆಯ ಜೀಪು ಕಂಡಿತು. ಮಿಗ್ರಾದವರು ದಿನವೂ ಹೋಗುವ ದಾರಿಯೇ ಅದು. ಕೊಯ್ಲಿನ ಕಾಲದಲ್ಲಿ ಅವರ ಕಣ್ಣಿಗೆ ಪೊರೆ ಬಂದಿರುತ್ತದೆ, ಕೊಯ್ಲು ಮುಗಿದ ಮೇಲೆ ದೃಷ್ಟಿ ಬರುತ್ತದೆ. ನಾವು ಬಟ್ಟೆಗಳನ್ನು ಮೂಗಿಗೇರಿಸಿದೆವು. ಜೀಪು ದಿನದಂತೆ ಹಾದುಹೋಗಲಿಲ್ಲ. ನಿಂತಿತು. ಅದರಿಂದಿಳಿದ ಪೊಲೀಸಿನವನ ಕಣ್ಣು, ಸಾಲಿನಲ್ಲಿ ಒಬ್ಬನೇ ಬಗ್ಗಿ ಗಡ್ಡೆಗಳನ್ನು ಕೊಚ್ಚಿ ಹಾಳುಮಾಡುತ್ತಿದ್ದ ಎಫ್ರೇನನ ಮೇಲೆ ಬಿತ್ತು: ನಮ್ಮದೇ ಬಣ್ಣದ ಬರಿಮುಖ.

“ಏಯ್, ನೀನು! ಕಾಗದ ತೋರಿಸು.”

ಎಫ್ರೇನ್ ನೆಟ್ಟಗಾದ. ಜೇಬು ಮುಟ್ಟಿಕೊಂಡ. ಕಾಗದ ಟ್ರಕ್ಕಿನಲ್ಲಿತ್ತು, ಟ್ರಕ್ಕು ಹೊಲದ ಆ ತುದಿಯಲ್ಲಿತ್ತು.

“ಸ್ವಾಮಿ, ನಾನು ಇಲ್ಲೀವ್ನೇ, ಮೇಸ್ತ್ರಿ... ಇವ್ರನ್ನ ಕೇಳಿ ಬೇಕಾದ್ರೆ! ದೆಲ್ಫಿನಾ, ಹೇಳು ನಾನ್ಯಾರು ಅಂತ!”

ಹನ್ನೆರಡು ವರ್ಷ ಅವನು ಕಲಿಸಿದ ಪಾಠವನ್ನು ನಾವು ಒಬ್ಬರೂ ಮರೆತಿರಲಿಲ್ಲ.

“ಗೊತ್ತಿಲ್ಲ ಸ್ವಾಮಿ” ಎಂದೆ.

“ನಂಗೂ ಗೊತ್ತಿಲ್ಲ” ಎಂದಳು ಚೇಲಾ.

ಪೆಟ್ಟಿಗೆಯಿಂದ ಪೆಟ್ಟಿಗೆಗೆ ಆ ಮಾತು ಸಾಲಿನ ಕೊನೆಯವರೆಗೂ ಹೋಯಿತು. ಜೀಪಿನವನು ಎಫ್ರೇನನ ತೋಳು ಹಿಡಿದುಕೊಂಡೇ ನಿಧಾನವಾಗಿ ನಮ್ಮ ಕಡೆ ತಿರುಗಿದ. ನಾವು ಏಳಲಿಲ್ಲ.