ಬಿರೋಬಾನ ಮುಂದಿನ ದವಡೆಗಳು

ನಮ್ಮವರಿಗೆ ಹಲ್ಲು ಕೀಳುವುದಕ್ಕಿಂತ ಹೆದರಿಸುವುದರಲ್ಲೇ ಹೆಚ್ಚು ನಂಬಿಕೆ. ಮೆತ್ತಗೆ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂಬುದು ನನ್ನ ಗಂಡ, ಹಲ್ಲಿನ ಡಾಕ್ಟರ್ ಪ್ರಹ್ಲಾದರ ವಾದ. ಅಕ್ಕಲಕೋಟದಿಂದ ಮದುವೆಯಾಗಿ ಸೊಲ್ಲಾಪುರಕ್ಕೆ ಬಂದಾಗಿನಿಂದ ಅದನ್ನು ಕೇಳಿ ಕೇಳಿ ನನಗೆ ಸಾಕಾಗಿತ್ತು. ಅವರ ದವಾಖಾನೆಯಲ್ಲಿ ಹಲ್ಲಿನ ಅಚ್ಚಿಗೆ ಪ್ಲಾಸ್ಟರ್ ಕಲಸುವ ಕೆಲಸ ಮಾತ್ರ ನನ್ನದೇ.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಬೋರಾಮಣಿ ಹಳ್ಳಿಯ ಸುಗಲಾಬಾಯಿ ಬಂದಳು. ಕುರಿ ಸಾಕುವ ಮನೆತನ, ಗಟ್ಟಿ ಹೆಂಗಸು. ಅಲುಗಾಡುವ ಹಲ್ಲು ಕೀಳಿಸಲು ಬಂದವಳ ಕೆಳವಸಡಿನಲ್ಲಿ ನಮ್ಮವರಿಗೆ ಬಿಳಿ ಮಚ್ಚೆ ಕಂಡಿತು. ತಂಬಾಕನ್ನು ಹಂಚಿನ ಮೇಲೆ ಸುಟ್ಟು ಪುಡಿ ಮಾಡಿದ ಮಿಶ್ರಿಯನ್ನು ಆಕೆ ದಿನಾ ಅಲ್ಲೇ ತಿಕ್ಕುತ್ತಿದ್ದಳು.

“ಮಿಶ್ರಿ ಬಿಡಬೇಕವ್ವಾ. ಮುಂದ ಇದು ಕ್ಯಾನ್ಸರ್ ಆಗ್ತೈತಿ.”

“ನೋವ ಇಲ್ರಿ ಸಾಹೇಬ್ರ. ಮಿಶ್ರಿ ಬಿಟ್ರ ಹೊಟ್ಟಿನ ಸಾಫ್ ಆಗಂಗಿಲ್ಲ,” ಎಂದು ಆಕೆ ನಕ್ಕಳು.

ಆ ನಗು ನಮ್ಮವರಿಗೆ ಚುಚ್ಚಿತು. ಆಕೆಯ ಕೆಳದವಡೆಯ ಅಚ್ಚು ತೆಗೆದು, ನನ್ನಿಂದ ಪ್ಲಾಸ್ಟರ್ ಹೊಯ್ಯಿಸಿದರು. ಒಣಗಿದ ಮೇಲೆ ಕುಂಚ ಹಿಡಿದು, ಮಚ್ಚೆಯಿಂದ ದವಡೆಹಲ್ಲಿನ ಬುಡದವರೆಗೆ, ತುದಿ ಕೊಂಕಿದ ಒಂದು ಕೆಂಪು ಹುಣ್ಣು ಬರೆದರು.

“ಬಿಡಲಿಲ್ಲಂದ್ರ ಇಲ್ಲೀತನಾ ಬರ್ತೈತಿ. ಮನಿಗೆ ಒಯ್ದು ದಿನಾ ನೋಡು.”

ಸುಗಲಾಬಾಯಿಯ ನಗು ನಿಂತಿತು. ಪ್ಲಾಸ್ಟರಿನ ದವಡೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ಆಮೇಲೆ ಬೋರಾಮಣಿಯ ಹೆಂಗಸರು ಒಬ್ಬೊಬ್ಬರಾಗಿ ಬರತೊಡಗಿದರು. ಎಲ್ಲರಿಗೂ ತಮ್ಮ ತಮ್ಮ ದವಡೆ ಬೇಕು. ಅವರ ಬಾಯಲ್ಲಿ ಮಚ್ಚೆಯಿರಲಿಲ್ಲ, ಮಿಶ್ರಿಯ ಕರೆ ಮಾತ್ರ ಇತ್ತು. ನಮ್ಮವರು ಹಿಗ್ಗಿ, ಕುಂಚ ಹೋದಲ್ಲಿ ಒಂದೊಂದು ಕೆಂಪು ಹಚ್ಚಿ ಕೊಟ್ಟರು. “ಊರಿಗೆ ಊರ ಸುಧಾರಿಸ್ತು ನೋಡು, ಕುಮುದಿನಿ!” ಎಂದು ನನ್ನೆದುರು ಮೀಸೆ ತಿರುವಿದರು.

ದೀಪಾವಳಿ ಕಳೆದ ಮೇಲೆ, ಸುಧಾರಿಸಿದ ಊರನ್ನು ನೋಡಲು ನನ್ನನ್ನೂ ಕರೆದುಕೊಂಡು ಹೋದರು. ಸುಗಲಾಬಾಯಿ ನಮ್ಮನ್ನು ನೇರವಾಗಿ ಕುರುಬರ ದೇವರು ಬಿರೋಬಾನ ಗುಡಿಗೆ ಕರೆದೊಯ್ದಳು. ದವಾಖಾನೆಗೆ ಬಂದಿದ್ದ ಹೆಂಗಸರೆಲ್ಲ ಅಲ್ಲಿ ಕೂತಿದ್ದರು. ದೇವರ ಮುಂದೆ ದವಡೆಗಳು ಸಾಲಾಗಿ ಕೂತಿದ್ದವು. ಮೈಗೆ ಭಂಡಾರದ ಅರಿಸಿನ, ಹಲ್ಲು ಮಾತ್ರ ಕರ್ರಗೆ.

“ಕಣ್ಣ ಬ್ಯಾನಿಗೆ ಬೆಳ್ಳಿ ಕಣ್ಣ ಕೊಡ್ತೀವಲ್ರಿ ದೇವ್ರಿಗೆ? ಹಂಗ ಇದು. ಬ್ಯಾನಿ ಇದರಾಗ ಬಂದು ಕೂಡ್ತೈತಿ. ಮುಂಜಾನಿ ಮೊದಲ ಇದರ ಹಲ್ಲಿಗೆ ಮಿಶ್ರಿ ತಿಕ್ಕತೀವಿ, ಆಮ್ಯಾಲ ನಮಗ.”

ಒಬ್ಬರೂ ಮಿಶ್ರಿ ಬಿಟ್ಟಿರಲಿಲ್ಲ. ನಗು ಬಂತು, ಆದರೆ ಆ ಕಪ್ಪು ಹಲ್ಲುಗಳೆದುರು ನಗಲು ಭಯವಾಯಿತು.

ನಮ್ಮವರು ಬ್ಯಾಟರಿ ಹಚ್ಚಿ ಸುಗಲಾಬಾಯಿಯ ಬಾಯಿ ನೋಡಿದರು. ಆಕೆಯ ದವಡೆಯನ್ನು ಎತ್ತಿ ಪಕ್ಕಕ್ಕೆ ಹಿಡಿದರು. ನಾನೂ ಬಗ್ಗಿ ನೋಡಿದೆ. ಮಚ್ಚೆಯಿಂದ ದವಡೆಹಲ್ಲಿನ ಬುಡದವರೆಗೆ ಬಾಯಲ್ಲೂ ಹುಣ್ಣು, ಅದೇ ಕೊಂಕು ತುದಿ.

ಆಕೆ ನಮ್ಮ ಮುಖ ನೋಡಿಯೇ ತಿಳಿದುಕೊಂಡಳು. “ಬರದವ್ರು ನೀವ. ಅಳಸ್ರಿ.”

ನಮ್ಮವರು ವಾದಿಸಲಿಲ್ಲ. ಚೀಲದಿಂದ ಚಾಕು ತೆಗೆದು ಪ್ಲಾಸ್ಟರಿನ ಕೆಂಪು ಕೆರೆಯತೊಡಗಿದರು. ಪುಡಿ ಉದುರಿತು. ಸುಗಲಾಬಾಯಿ ಗಲ್ಲ ಒತ್ತಿ ಹಿಡಿದು, “ಹಗೂರಕ್ರಿ!” ಎಂದು ಚೀರಿದಳು. ತುಟಿಯ ಅಂಚಿನಲ್ಲಿ ರಕ್ತ ಬಂದಿತ್ತು.

ಚಾಕು ಕೈಜಾರಿ ಬಿತ್ತು.

“ಮುಂಬೈ ದವಾಖಾನಿಗೆ ಹೋಗೂಣು, ಅವ್ವಾ. ಅಲ್ಲಿ ನಿದ್ದಿ ಬರಿಸಿ ಇದನ್ನ ತಗೀತಾರ. ನಾ ಸಂಗಾಟ ಬರ್ತೀನಿ.” ಇಷ್ಟು ಮೆತ್ತಗಿನ ದನಿಯಲ್ಲಿ ಅವರು ಯಾವ ರೋಗಿಯೊಡನೆಯೂ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಆಕೆ ತಲೆಯಾಡಿಸಿದಳು. “ನಾಳೀನ ಹೋಗೂಣ್ರಿ.” ನನಗೆ ಹೋದ ಜೀವ ಬಂದಂತಾಯಿತು. ಇನ್ನೂ ಹೊತ್ತು ಮೀರಿಲ್ಲ, ಬದುಕಿಯಾಳು ಎಂದುಕೊಂಡೆ.

ಅಷ್ಟರಲ್ಲಿ ಆ ಹೆಂಗಸರ ನಡುವಿನಿಂದ ಗಂಗುಬಾಯಿ ಎಂಬಾಕೆ ಎದ್ದು ಬಂದಳು. ದವಾಖಾನೆಗೆ ಬಂದಾಗ ಆಕೆಯ ವಸಡಿನಲ್ಲಿ ಏನೂ ಇರಲಿಲ್ಲ. ನನ್ನನ್ನು ಚಹಾ ಕೇಳುತ್ತ, ಸರಿಯಾಗಿ ನೋಡದೆಯೇ ನಮ್ಮವರು ಆಕೆಯ ದವಡೆಗೆ ಕೆಂಪು ಹಚ್ಚಿದ್ದರು. ಆ ದವಡೆಯನ್ನು ಅವರ ಕೈಗಿಟ್ಟು, ಆಕೆ ಬಾಯಿ ತೆರೆದು ಮುಂದಿನ ಹಲ್ಲಿನ ಹಿಂದೆ ಬೆರಳಿಟ್ಟಳು. ಕೆಂಪು ಇದ್ದದ್ದೂ ಅಲ್ಲೇ.

“ಇಲ್ಲೆರಿ ಸಾಹೇಬ್ರ. ನಿನ್ನಿಯಿಂದ ಉರಿಯಾಕತ್ತೈತಿ.”

ಆಕೆಯ ಹಿಂದೆ ಉಳಿದ ಹೆಂಗಸರು ಸಾಲಿನಲ್ಲಿ ತಂತಮ್ಮ ದವಡೆ ಹುಡುಕುತ್ತಿದ್ದರು.